ಲಿನಕ್ಸ್ ಮಿಂಟ್: ರಿಕವರಿ ಡಿವಿಡಿ ಬೂಟ್ ಆಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ, ಕಲಬುರಗಿಯಿಂದ:
ಎಲ್ಲರಿಗೂ ಶರಣಾರ್ಥಿ. ನನ್ನದು ಹಳೇ ಲ್ಯಾಪ್‌ಟಾಪ್, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇನೆ. ಹಾರ್ಡ್ ಡಿಸ್ಕ್ ಈಗೀಗ ಕಟಕಟ ಅಂತಿದೆ. ಪೂರ್ತಿ ಬ್ಯಾಕಪ್ ತೆಗೆದಿಡೋಣ ಅಂತ ಕ್ಲೋನ್‌ಜಿಲ್ಲಾ (ಇಡೀ ಡಿಸ್ಕಿನ ನಕಲು ತೆಗೆಯೋ ತಂತ್ರಾಂಶ) ಐಎಸ್ಒ, ಅಂದರೆ ಇಡೀ ಡಿಸ್ಕ್ ಒಂದೇ ಫೈಲಿನಲ್ಲಿರೋದು, ಇಳಿಸಿಕೊಂಡು ಡಿವಿಡಿಗೆ ಬರೆದೆ. (ಖಾಲಿ ಡಿವಿಡಿಗೆ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ನಾಲ್ಕು ಅಂಗಡಿ ಅಲೆದೆ, ಅದು ಬೇರೆ ಕಥೆ.) ಲ್ಯಾಪ್‌ಟಾಪ್ ಶುರುವಾಗುವಾಗ ಎಫ್12 ಒತ್ತಿ ಡಿವಿಡಿ ಆರಿಸಿದರೆ ಡ್ರೈವ್ ಗಿರ್ರ್ ಅಂತ ತಿರುಗಿ, ಆಮೇಲೆ ಮತ್ತೆ ಮಿಂಟೇ ಬರುತ್ತದೆ. ಎರಡು ಡಿವಿಡಿ ಹಾಳಾದವು. ಮಿಂಟ್‌ನದೇ ಟೈಮ್‌ಶಿಫ್ಟ್ ತೆಗೆದ ಸ್ನ್ಯಾಪ್‌ಶಾಟ್ (ಸಿಸ್ಟಮ್ಮನ್ನು ಹಿಂದಿನ ಸ್ಥಿತಿಗೆ ತರೋ ಪ್ರತಿ) ಇದೆ, ಅಷ್ಟೇ ಸಾಕಾ?

ಉತ್ತರ, ಬೀದರ್‌ನಿಂದ:
ಆ ಡಿವಿಡಿಯನ್ನು ಮಿಂಟ್‌ನಲ್ಲಿ ತೆರೆಯಿರಿ. ಒಳಗೇನಿದೆ?

ಕಲಬುರಗಿ:
ಒಂದೇ ಫೈಲ್ ಇದೆ ಅಣ್ಣ. ಹೆಸರಿನ ಕೊನೆಗೆ ಡಾಟ್ ಐಎಸ್ಒ.

ಬೀದರ್:
ತಪ್ಪಾಗಿದ್ದು ಅಲ್ಲೇ. ನೀವು ಐಎಸ್ಒವನ್ನು ಹಾಡು, ಫೋಟೋ ಹಾಕಿದ ಹಾಗೆ ಡೇಟಾ ಫೈಲ್ ಆಗಿ ಬರೆದಿದ್ದೀರಿ. ಡಿಸ್ಕ್ ಬರೆಯೋ ತಂತ್ರಾಂಶ ಬ್ರಾಸೆರೋದಲ್ಲಿ ಡೇಟಾ ಪ್ರಾಜೆಕ್ಟ್ ಬೇಡ, ಬರ್ನ್ ಇಮೇಜ್ ಆರಿಸಿ. ವೇಗ 4ಎಕ್ಸ್ ಇಡಿ, ಹಳೇ ಡ್ರೈವ್ ಜಾಸ್ತಿ ವೇಗಕ್ಕೆ ತಡವರಿಸುತ್ತದೆ. ಬರೆಯೋ ಮುಂಚೆ ಎಸ್‌ಎಚ್‌ಎ256 ಮೊತ್ತ (ಫೈಲ್ ಕೆಡದೆ ಇಳಿದಿದೆಯಾ ಅಂತ ತಿಳಿಸೋ ಸಂಕೇತ) ಡೌನ್‌ಲೋಡ್ ಪುಟದ್ದರ ಜೊತೆ ತಾಳೆ ನೋಡಿ. ಸರಿಯಾಗಿ ಬರೆದ ಡಿಸ್ಕ್ ತೆರೆದರೆ ಹಲವು ಫೋಲ್ಡರ್ ಕಾಣುತ್ತವೆ.

ಟೈಮ್‌ಶಿಫ್ಟ್ ಸಾಲದು. ಅದು ಸಿಸ್ಟಮ್ ಫೈಲುಗಳಿಗೆ, ನಿಮ್ಮ ಸ್ವಂತ ಫೈಲುಗಳಿರೋ ಹೋಮ್ ಫೋಲ್ಡರ್ ತಾನಾಗಿ ಸೇರುವುದಿಲ್ಲ. ಅದೇ ಡಿಸ್ಕಿನಲ್ಲಿ ಸ್ನ್ಯಾಪ್‌ಶಾಟ್ ಇದ್ದರೆ ಡಿಸ್ಕ್ ಹೋದಾಗ ಅದೂ ಹೋಯ್ತು, ಅಲ್ವಾ? ಕಟಕಟ ಅನ್ನೋ ಡಿಸ್ಕನ್ನು ನಂಬಬೇಡಿ. ಇವತ್ತೇ ಫೋಟೋ, ಕಾಗದಪತ್ರ ಪೆನ್‌ಡ್ರೈವಿಗೆ ಹಾಕಿ, ಮಿಕ್ಕದ್ದು ಆಮೇಲೆ.

ಕಲಬುರಗಿ:
ಕ್ಲೋನ್‌ಜಿಲ್ಲಾ ತೆಗೆಯೋ ಬ್ಯಾಕಪ್ ಇಮೇಜನ್ನೂ (ನನ್ನ ಡಿಸ್ಕಿನ ಪ್ರತಿ) ಡಿವಿಡಿಗೇ ಹಾಕಬಹುದಾ? ಬಳಸಿದ ಜಾಗ ಸುಮಾರು 60 ಜಿಬಿ.

ಬೀದರ್:
ಒಂದು ಡಿವಿಡಿಯಲ್ಲಿ ಹಿಡಿಯೋದು 4.7 ಜಿಬಿ. ಎಷ್ಟು ಡಿವಿಡಿ ಸುಡ್ತೀರಿ? ಡಿವಿಡಿ ಬೂಟ್ ಮಾಡಲಿಕ್ಕೆ ಮಾತ್ರ ಇರಲಿ, ಇಮೇಜ್ ಹೊರಗಿನ ಹಾರ್ಡ್ ಡಿಸ್ಕಿಗೆ. ಕ್ಲೋನ್‌ಜಿಲ್ಲಾ ಖಾಲಿ ಜಾಗ ಬಿಟ್ಟು ಬಳಸಿದ್ದನ್ನಷ್ಟೇ ನಕಲು ತೆಗೆದು ಕುಗ್ಗಿಸುತ್ತದೆ. ಅದರ ಮೆನುವಿನಲ್ಲಿ ಮೊದಲು ಡಿವೈಸ್-ಇಮೇಜ್, ಆಮೇಲೆ ಸೇವ್‌ಡಿಸ್ಕ್ ಆರಿಸಿ. ರಿಸ್ಟೋರ್‌ಡಿಸ್ಕ್ ಒತ್ತೀರಿ ಜೋಕೆ, ಅದು ಡಿಸ್ಕಿನಲ್ಲಿರೋದನ್ನು ಅಳಿಸಿ ಮೇಲೆ ಬರೆಯುತ್ತದೆ! ಯಾವ ಡಿಸ್ಕ್ ಅಂತ ಕೇಳಿದಾಗ ಎಸ್‌ಡಿಎ, ಎಸ್‌ಡಿಬಿ ಹೆಸರು ನೋಡಬೇಡಿ, ಸೈಜ್ ನೋಡಿ. ಹೊಸ ಡಿಸ್ಕ್ ತರುವಾಗ ಹಳೆಯದರಷ್ಟಾದರೂ ದೊಡ್ಡದಿರಲಿ, ಚಿಕ್ಕದಕ್ಕೆ ಇಮೇಜ್ ಇಳಿಸಲು ಕಷ್ಟ.

ಕಲಬುರಗಿ:
ಮೂರನೇ ಡಿವಿಡಿ ಬೂಟ್ ಆಯ್ತು ಅಣ್ಣ! ಆದರೆ ಅರ್ಧಕ್ಕೆ ಕರೆಂಟ್ ಹೋಯ್ತು, ಬ್ಯಾಟರಿ ಸತ್ತು ವರ್ಷವಾಗಿದೆ. ಅಲ್ಲಿಂದಲೇ ಮುಂದುವರಿಸಬಹುದಾ?

ಬೀದರ್:
ಆಗಲ್ಲ. ಆ ಅರ್ಧ ಫೋಲ್ಡರ್ ಅಳಿಸಿ ಮೊದಲಿಂದ ಶುರು ಮಾಡಿ. ಈ ಬಿಸಿಲಿನಲ್ಲಿ ಕರೆಂಟ್ ನೆಚ್ಚಬೇಡಿ, ಇನ್ವರ್ಟರ್ ಲೈನಿಗೆ ಹಾಕಿ. ಇಮೇಜ್ ಉಳಿಸಿ ಮುಗಿದ ಮೇಲೆ ಅದನ್ನು ಪರೀಕ್ಷಿಸಲೇ ಅಂತ ಶುರುವಿಗೆ ಮುಂಚೆಯೇ ಕೇಳುತ್ತದೆ, ಹೂಂ ಅನ್ನಿ.

ಕಲಬುರಗಿ:
ಪಕ್ಕದ ಮನೆ ಕಾಕಾ ಅವರ ಇನ್ವರ್ಟರಿನಿಂದ ವೈರ್ ಎಳೆದು ಮುಗಿಸಿದೆ. ಇಮೇಜ್ ಸರಿಯಿದೆ, ವಾಪಸ್ ಇಳಿಸಬಹುದು ಅಂತ ಬಂತು. ಹಾಳಾದ ಎರಡು ಡಿವಿಡಿ ಮನೆಯವರು ದಾಳಿಂಬೆ ಗಿಡಕ್ಕೆ ಕಟ್ಟಿದ್ದಾರೆ, ಗಿಳಿ ಬರಬಾರದಂತ.