ವರದಿಯಲ್ಲಿ ‘ಪಿಡಿ-ಎಲ್1 ಶೇ 60’ ಎಂದಿದೆ, ಇದರ ಅರ್ಥವೇನು?

ಪ್ರಶ್ನೆ (ಸೇಡಂನ ಸದಸ್ಯರು): ನಮಸ್ಕಾರ ಡಾಕ್ಟರ್ ಮೇಡಂ. ನಮ್ಮ ತಂದೆಯವರಿಗೆ 62 ವರ್ಷ, ಮೊದಲಿನಿಂದಲೂ ಬೀಡಿ ಸೇದುತ್ತಿದ್ದರು. ಕಲಬುರಗಿಯಲ್ಲಿ ಬಯಾಪ್ಸಿ ಮಾಡಿಸಿದೆವು. ಶ್ವಾಸಕೋಶದ ಅಡೆನೊಕಾರ್ಸಿನೋಮ (ಒಂದು ಬಗೆಯ ಕ್ಯಾನ್ಸರ್), 4ನೇ ಹಂತ ಎಂದಿದ್ದಾರೆ. ವರದಿಯಲ್ಲಿ ಟಿಟಿಎಫ್-1 ಪಾಸಿಟಿವ್, ಪಿಡಿ-ಎಲ್1 ಶೇ 60 ಎಂದಿದೆ. ರಕ್ತದಲ್ಲಿ ಸಿಇಎ 48 ಬಂದಿದೆ. ‘ಶೇ 60ರಷ್ಟು ಹರಡಿದೆ’ ಎಂದು ನಮ್ಮ ಕಾಕಾ ಹೇಳಿದಾಗಿನಿಂದ ಅವ್ವ ಊಟವನ್ನೇ ಬಿಟ್ಟಿದ್ದಾರೆ. ಈ ಅಂಕಿಗಳಿಂದ ತಂದೆಯವರ ಆಯುಷ್ಯ ತಿಳಿಯುತ್ತದೆಯೇ?

ಉತ್ತರ (ರೋಗಶಾಸ್ತ್ರ ವೈದ್ಯೆ, ಕಲಬುರಗಿ): ಮೊದಲು ಅವ್ವನವರಿಗೆ ಊಟ ಮಾಡಿಸಿ. ಶೇ 60 ಎಂಬುದು ರೋಗ ಹರಡಿದ ಪ್ರಮಾಣ ಅಲ್ಲವೇ ಅಲ್ಲ. ಬಯಾಪ್ಸಿ ತುಣುಕಿನಲ್ಲಿ ಎಣಿಸಿದ ಕ್ಯಾನ್ಸರ್ ಕೋಶಗಳ ಪೈಕಿ ನೂರಕ್ಕೆ ಅರವತ್ತರ ಹೊರಪದರದಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನ್ ಕಂಡಿದೆ, ಅಷ್ಟೇ. ಈ ಪ್ರೋಟೀನಿನ ಮೂಲಕ ಕ್ಯಾನ್ಸರ್ ಕೋಶಗಳು ನಮ್ಮ ರೋಗನಿರೋಧಕ ಕೋಶಗಳನ್ನು ತಡೆದು ನಿಲ್ಲಿಸುತ್ತವೆ. ಇಮ್ಯುನೊಥೆರಪಿ ಔಷಧ ಆ ತಡೆಯನ್ನು ತೆಗೆಯುತ್ತದೆ. ಆದ್ದರಿಂದ ಶೇ 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಔಷಧ ಫಲ ಕೊಡುವ ಸಾಧ್ಯತೆ ಹೆಚ್ಚು. ಇಂಥ ರೋಗಿಗಳಲ್ಲೇ ನಡೆದ ಕೀನೋಟ್-024 ಅಧ್ಯಯನದಲ್ಲಿ ಇಮ್ಯುನೊಥೆರಪಿ ಔಷಧವಾದ ಪೆಂಬ್ರೊಲಿಜುಮಾಬ್‌ನಿಂದ ಚಿಕಿತ್ಸೆ ಆರಂಭಿಸಿದವರ ಪೈಕಿ ಐದು ವರ್ಷಗಳ ನಂತರ ಬದುಕಿದ್ದವರು ಸುಮಾರು ಶೇ 32. ಕಿಮೊಥೆರಪಿಯಿಂದ ಆರಂಭಿಸಿದವರಲ್ಲಿ ಅದು ಸುಮಾರು ಶೇ 16.

ಟಿಟಿಎಫ್-1 ಎಂಬ ಪ್ರೋಟೀನ್ ಮುಖ್ಯವಾಗಿ ಈ ಗಡ್ಡೆ ಶ್ವಾಸಕೋಶದಲ್ಲೇ ಹುಟ್ಟಿದ್ದು ಎಂಬುದಕ್ಕೆ ಪುಷ್ಟಿ ಕೊಡುತ್ತದೆ. ಸಿಇಎ ಎಂಬುದು ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿ ಏರುವ ಪ್ರೋಟೀನ್. ಅದು ಹೆಚ್ಚಿರುವವರಲ್ಲಿ ಒಟ್ಟಾರೆ ಫಲಿತಾಂಶ ಸ್ವಲ್ಪ ಹಿಂದೆ ಎಂಬುದು ನಿಜ. ಆದರೆ ಬೀಡಿ ಸೇದುವವರಲ್ಲಿ, ಯಕೃತ್ತಿನ ಕಾಯಿಲೆಯಲ್ಲಿಯೂ ಅದು ಏರುತ್ತದೆ. ಚಿಕಿತ್ಸೆಯ ನಂತರ 48 ಇಳಿಯುತ್ತದೆಯೋ ಏರುತ್ತದೆಯೋ ಎಂಬುದನ್ನು ಸ್ಕ್ಯಾನ್ ಜೊತೆಗಿಟ್ಟು ನೋಡಬೇಕು. ಒಂದೇ ವರದಿಯಿಂದ ಆಯುಷ್ಯ ಹೇಳುವವರನ್ನು ನಂಬಬೇಡಿ. ರೋಗದ ಹಂತ, ತೂಕ ಎಷ್ಟು ಇಳಿದಿದೆ, ತಂದೆಯವರು ತಾವೇ ಎದ್ದು ಓಡಾಡುತ್ತಾರೆಯೇ ಎಂಬ ಸಂಗತಿಗಳು ಈ ಪ್ರೋಟೀನುಗಳಿಗಿಂತ ಹೆಚ್ಚು ಹೇಳುತ್ತವೆ.

ನನ್ನನ್ನು ಕಾಡುತ್ತಿರುವುದು ಬೇರೆ. ನೀವು ಬರೆದದ್ದರಲ್ಲಿ ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳಲ್ಲಿ ಬದಲಾವಣೆ ಇದೆಯೇ ಎಂದು ನೋಡುವ ಪರೀಕ್ಷೆಯ ಫಲಿತಾಂಶಗಳಿಲ್ಲ. ಅವು ಬಂದಿವೆಯೇ?

ಸೇಡಂನ ಸದಸ್ಯರು: ಇಲ್ಲ ಮೇಡಂ. ತಂದೆಯವರು ನಡೆದಾಡುತ್ತಾರೆ, ತೂಕ ಮಾತ್ರ ಇಳಿದಿದೆ. ಪಿಡಿ-ಎಲ್1 ಹೆಚ್ಚಿರುವುದರಿಂದ ಬೇಗ ಇಮ್ಯುನೊಥೆರಪಿ ಶುರು ಮಾಡಿಸಿ ಎಂದು ಪರಿಚಯದವರು ಅವಸರ ಮಾಡುತ್ತಿದ್ದಾರೆ.

ಉತ್ತರ: ಆ ಅವಸರ ಬೇಡ. ಇಜಿಎಫ್‌ಆರ್ ಅಥವಾ ಎಎಲ್‌ಕೆ ಬದಲಾವಣೆ ಇರುವ ಗಡ್ಡೆಯಲ್ಲಿ ಪಿಡಿ-ಎಲ್1 ಎಷ್ಟೇ ಇದ್ದರೂ ಇಮ್ಯುನೊಥೆರಪಿ ಒಂದರಿಂದಲೇ ಹೆಚ್ಚು ಪ್ರಯೋಜನ ಸಿಗುವುದಿಲ್ಲ. ಅಂಥವರಿಗೆ ಆ ಬದಲಾವಣೆಗೇ ಗುರಿಯಿಟ್ಟ ದಿನನಿತ್ಯದ ಮಾತ್ರೆಗಳೇ ಒಳ್ಳೆಯ ದಾರಿ. ಮೊದಲು ಇಮ್ಯುನೊಥೆರಪಿ ಕೊಟ್ಟು, ಅದರ ಬೆನ್ನಿಗೇ ಇಜಿಎಫ್‌ಆರ್ ಬದಲಾವಣೆಗೆ ಕೊಡುವ ಮಾತ್ರೆಯಾದ ಒಸಿಮರ್ಟಿನಿಬ್ ಆರಂಭಿಸಿದರೆ ಶ್ವಾಸಕೋಶದಲ್ಲಿ ತೀವ್ರ ಉರಿಯೂತ ಆಗುವ ಅಪಾಯವೂ ಹೆಚ್ಚು. ಬೀಡಿ ಸೇದುತ್ತಿದ್ದರು ಎಂಬ ಕಾರಣಕ್ಕೆ ಈ ಪರೀಕ್ಷೆ ಬಿಡಬಾರದು. ಬಯಾಪ್ಸಿ ತುಣುಕನ್ನು ಕಾಪಿಟ್ಟ ಮೇಣದ ಬ್ಲಾಕ್ ಪ್ರಯೋಗಾಲಯದಲ್ಲಿಯೇ ಇರುತ್ತದೆ, ಬರೆದುಕೊಟ್ಟು ಕೇಳಿ ಪಡೆಯಿರಿ. ತುಣುಕು ಸಾಲದಿದ್ದರೆ ರಕ್ತದಲ್ಲಿಯೂ ಇಜಿಎಫ್‌ಆರ್ ನೋಡಬಹುದು, ಆದರೆ ರಕ್ತದಲ್ಲಿ ನೆಗೆಟಿವ್ ಬಂದ ಮಾತ್ರಕ್ಕೆ ಇಲ್ಲವೆಂದು ತೀರ್ಮಾನಿಸಲಾಗದು. ಉಸಿರಾಟಕ್ಕೆ ತೀರಾ ತೊಂದರೆಯಾದರೆ ಮಾತ್ರ ವರದಿಗೆ ಕಾಯದೆ ಕಿಮೊಥೆರಪಿ ಆರಂಭಿಸುವುದನ್ನು ನಿಮ್ಮ ಕ್ಯಾನ್ಸರ್ ವೈದ್ಯರು ನಿರ್ಧರಿಸುತ್ತಾರೆ. ಖರ್ಚಿನ ವಿಷಯವನ್ನು ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ಮೊದಲೇ ವಿಚಾರಿಸಿ.

ಪ್ರಶ್ನೆ (ಯಾದಗಿರಿಯ ಸದಸ್ಯರು): ನಮ್ಮ ಅಣ್ಣನೂ ಬೀಡಿ ಸೇದುತ್ತಾನೆ. ವರ್ಷಕ್ಕೊಮ್ಮೆ ಸಿಇಎ ಮಾಡಿಸಿದರೆ ಸಾಕೇ?

ಉತ್ತರ: ಸಾಲದು. ತಪಾಸಣಾ ಪ್ಯಾಕೇಜುಗಳಲ್ಲಿ ಇದನ್ನು ಸೇರಿಸಿ ಮಾರುವುದನ್ನು ನಾನು ಒಪ್ಪುವುದಿಲ್ಲ. ಆರಂಭದ ಹಂತದಲ್ಲಿ ಸಿಇಎ ಸಹಜವಾಗಿಯೇ ಇರಬಹುದು, ಆಗ ಮನೆಯವರು ಸುಳ್ಳು ಧೈರ್ಯದಲ್ಲಿ ಉಳಿದುಬಿಡುತ್ತಾರೆ. ಹೆಚ್ಚು ಧೂಮಪಾನ ಮಾಡಿದವರಲ್ಲಿ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಸಾವುಗಳನ್ನು ಇಳಿಸುತ್ತದೆ ಎಂಬುದಕ್ಕೆ 2011ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದ ಆಧಾರವಿದೆ. ನಮ್ಮ ಕಡೆ ಹಳೆಯ ಕ್ಷಯದ ಕಲೆಗಳೂ ಅದರಲ್ಲಿ ಕಾಣುವುದರಿಂದ ಶ್ವಾಸಕೋಶ ತಜ್ಞರ ಸಲಹೆ ಪಡೆದೇ ಮಾಡಿಸಿ. ಮತ್ತೊಂದು ಮಾತು: ಕಫದಲ್ಲಿ ಕ್ಷಯ ಸಿಗದಿದ್ದರೂ ಕ್ಷಯದ ಮಾತ್ರೆ ನುಂಗುತ್ತಾ ಎರಡು ತಿಂಗಳಾಗಿ, ಎಕ್ಸ್‌ರೇಯ ನೆರಳು ಹಾಗೆಯೇ ಇದ್ದರೆ ಬಯಾಪ್ಸಿ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಅಣ್ಣನಿಗೆ ಬೀಡಿ ಬಿಡಲು ನೆರವು ಬೇಕಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.