ತರಗತಿಯಲ್ಲಿ ಟೈಮರ್: ಯಾವ ಕೆಲಸಕ್ಕೆ ಬೇಕು, ಯಾವುದಕ್ಕೆ ಬೇಡ?

ಮಲ್ಪೆ ಟೀಚರ್:
ನಾನು ಐದನೇ ಕ್ಲಾಸಿನ ಟೀಚರ್. 38 ಮಕ್ಕಳಿದ್ದಾರೆ. ಈ ವರ್ಷ ನಮ್ಮ ತರಗತಿಗೆ ಟಿವಿ ಬಂತು. ಜೂನ್‌ನಿಂದ ಅದರಲ್ಲಿ ದೊಡ್ಡದಾಗಿ ಕೌಂಟ್‌ಡೌನ್ ಟೈಮರ್ ಹಾಕುತ್ತಿದ್ದೇನೆ. ಗುಂಪು ಮಾಡಿಕೊಳ್ಳಲು 2 ನಿಮಿಷ, ಚರ್ಚೆಗೆ 6, ಬರೆಯಲು 8, ಪುಸ್ತಕ ಎತ್ತಿಡಲು 1. ಮೊದಲು "ಬೇಗ ಬೇಗ" ಅಂತ ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಶೀಟಿನ ಮೇಲೆ ಮಳೆ ಹೊಯ್ದರೆ ನನ್ನ ಸ್ವರ ಹಿಂದಿನ ಬೆಂಚಿಗೆ ಮುಟ್ಟುವುದೇ ಇಲ್ಲ. ಈಗ ಮಕ್ಕಳು ಟಿವಿ ನೋಡಿ ತಾವೇ ಎದ್ದು ಜಾಗ ಬದಲಿಸುತ್ತಾರೆ. 40 ನಿಮಿಷದ ಪಿರಿಯಡ್‌ನಲ್ಲಿ ಬೆಂಚು ಎಳೆದಾಡುವುದಕ್ಕೇ ಹತ್ತು ನಿಮಿಷ ಹೋಗುತ್ತಿತ್ತು. ಅದು ಉಳಿಯಿತು. ಆದರೆ ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು "ಮಕ್ಕಳನ್ನು ಓಡಿಸಬೇಡಿ" ಎಂದರು. ಆ ಮಾತು ಮನಸ್ಸಿನಲ್ಲೇ ಉಳಿದಿದೆ. ನೀವು ಏನು ಹೇಳುತ್ತೀರಿ?

ಕಾಪು ಗಣಿತ ಮೇಷ್ಟ್ರು:
ಧೈರ್ಯವಾಗಿ ಮುಂದುವರಿಸಿ ಟೀಚರ್. ನಾನು ಹತ್ತನೇ ಕ್ಲಾಸಿನವರಿಗೆ ಪಾಠ ಮಾಡುವವನು. ಎಸ್ಸೆಸ್ಸೆಲ್ಸಿ ಗಣಿತಕ್ಕೆ ಪ್ರಶ್ನೆಪತ್ರಿಕೆ ಓದಲು 15 ನಿಮಿಷ, ಬರೆಯಲು 3 ಗಂಟೆ. ಪ್ರಮೇಯ ಬಾಯಿಪಾಠ ಬರುವ ಮಕ್ಕಳೇ "ಸರ್, ಟೈಮ್ ಸಾಕಾಗಲಿಲ್ಲ" ಅಂತ ಅಳುತ್ತಾ ಹೊರಗೆ ಬರುತ್ತಾರೆ. ಒಂದು ಮಾರ್ಕಿನ ಪ್ರಶ್ನೆಗೆ ಐದು ನಿಮಿಷ ಕೂತಿರುತ್ತಾರೆ. ಹೊತ್ತು ಎಷ್ಟು ಹೋಯಿತು ಅನ್ನುವ ಅಂದಾಜೇ ಇರುವುದಿಲ್ಲ. ಆ ಅಂದಾಜು ಹತ್ತನೇ ಕ್ಲಾಸಿಗೆ ಬಂದ ಮೇಲೆ ಹುಟ್ಟುವುದಿಲ್ಲ. ಐದರಲ್ಲೇ ಶುರುವಾಗಬೇಕು.

ಸುರತ್ಕಲ್ ಅಮ್ಮ:
ಸರ್, ನನ್ನ ಮಗಳು ನಾಲ್ಕನೇ ಕ್ಲಾಸು. ಅವಳ ಶಾಲೆಯಲ್ಲೂ ಟೈಮರ್ ಉಂಟು. ಕೊನೆಯ 10 ಸೆಕೆಂಡಿಗೆ ಟಿಕ್ ಟಿಕ್ ಶಬ್ದ ಬೇರೆ. ಅವಳು ನಿಧಾನ, ಆದರೆ ಯೋಚನೆ ಮಾಡಿ ಬರೆಯುವವಳು. ಈಗ ಕನ್ನಡ ನೋಟ್ಸ್ ತೆರೆದರೆ ಅರ್ಧಕ್ಕೆ ನಿಂತ ವಾಕ್ಯಗಳೇ ಜಾಸ್ತಿ. "ಯಾಕೆ ಪುಟ್ಟಿ ಮುಗಿಸಲಿಲ್ಲ?" ಅಂದರೆ, "ಟೈಮ್ ಆದ ಮೇಲೆ ನೆನಪಾದದ್ದು ಬರೆಯುವ ಹಾಗಿಲ್ಲಮ್ಮ" ಅಂದಳು. ನನಗೆ ಅಳುವೇ ಬಂತು.

ಮಂಗಳೂರು-ಉಡುಪಿ ಪ್ರೈವೇಟ್ ಬಸ್ಸಿನಲ್ಲಿ ಓಡಾಡುವವರಿಗೆ ಇದು ಅರ್ಥವಾಗುತ್ತದೆ. ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಇರುತ್ತಾರೆ, ಹಿಂದಿನಿಂದ ಇನ್ನೊಂದು ಬಸ್ಸು ಬರುತ್ತಿರುತ್ತದೆ. ಅಜ್ಜಿಯ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿರುವಾಗಲೇ "ರೈಟ್" ಅನ್ನುತ್ತಾರೆ. ಬಸ್ಸು ಟೈಮಿಗೆ ಸರಿಯಾಗಿ ಮುಟ್ಟುತ್ತದೆ, ನಿಜ. ಆ ಅಜ್ಜಿಯ ಗತಿ?

ಕಾಪು ಗಣಿತ ಮೇಷ್ಟ್ರು:
ಮೇಡಂ, ನಿಮ್ಮ ಮಗಳ ಮಾತು ಓದಿ ನನಗೂ ಬೇಸರವಾಯಿತು. ಶಬ್ದ ಖಂಡಿತ ಬೇಡ. ಆದರೆ ಪರೀಕ್ಷಾ ಹಾಲಿನ ಗಡಿಯಾರ ಯಾರಿಗೂ ಕಾಯುವುದಿಲ್ಲ. ಆ ಮಗುವನ್ನು ತಯಾರು ಮಾಡದೆ ಕಳಿಸಿದರೆ ಅದು ನನ್ನ ತಪ್ಪಾಗುತ್ತದೆ.

ಹೆಬ್ರಿ ನಲಿಕಲಿ ಟೀಚರ್:
ಒಂದರಿಂದ ಮೂರನೇ ತರಗತಿಯವರ ಕಡೆಯಿಂದ ನಾನು ಮಾತಾಡುತ್ತೇನೆ. ನಲಿಕಲಿ, ಅಂದರೆ ಸರ್ಕಾರಿ ಶಾಲೆಗಳ ಚಿಕ್ಕ ಮಕ್ಕಳು ಕಾರ್ಡು ಹಿಡಿದು ಆಡುತ್ತಾ ಕಲಿಯುವ ಪದ್ಧತಿ, 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದೇ ಪ್ರತಿ ಮಗು ತನ್ನ ವೇಗದಲ್ಲಿ ಕಲಿಯಲಿ ಎಂದು. ಒಂದೇ ಕೋಣೆಯಲ್ಲಿ ಒಬ್ಬಳು ಅಕ್ಷರದ ಕಾರ್ಡಿನಲ್ಲಿರುತ್ತಾಳೆ, ಇನ್ನೊಬ್ಬ ವಾಕ್ಯಕ್ಕೆ ಹೋಗಿರುತ್ತಾನೆ. ಅವರಿಬ್ಬರಿಗೂ ಒಂದೇ 8 ನಿಮಿಷ ಹಾಕುವುದು ಹೇಗೆ?

ಇನ್ನೊಂದು ವಿಷಯ. ಒಂದನೇ ಕ್ಲಾಸಿನ ಮಗುವಿಗೆ ಟಿವಿಯಲ್ಲಿ 4:37 ಅಂತ ಕಂಡರೆ ಏನೂ ತಿಳಿಯುವುದಿಲ್ಲ. ಅಂಕಿ ಓಡುತ್ತಿದೆ ಅನ್ನುವುದಷ್ಟೇ ಕಾಣುತ್ತದೆ, ಅದಕ್ಕೇ ಗಾಬರಿ. ಅಮೆರಿಕದ ಜಾನ್ ರೋಜರ್ಸ್ ಎಂಬ ತಾಯಿ 1994ರಲ್ಲಿ "ಟೈಮ್ ಟೈಮರ್" ಎಂಬ ಗಡಿಯಾರ ಮಾಡಿದ್ದು ಇಂಥ ಮಗುವಿಗಾಗಿಯೇ. ಅವರ ಪುಟ್ಟ ಮಗಳು "ಇನ್ನೆಷ್ಟು ಹೊತ್ತು?" ಅಂತ ಕೇಳುತ್ತಲೇ ಇರುತ್ತಿದ್ದಳು. ಅದರಲ್ಲಿ ಕೆಂಪು ಬಣ್ಣದ ತಟ್ಟೆ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ದೋಸೆ ತಿಂದು ಮುಗಿಯುವುದನ್ನು ನೋಡಿದ ಹಾಗೆ. ನಮ್ಮಲ್ಲಿ ರಟ್ಟಿನಲ್ಲಿ ಅಂಥದ್ದೊಂದು ಮಾಡಿ ಗೋಡೆಗೆ ಹಾಕಿದ್ದೇನೆ, ಆಗಾಗ ನಾನೇ ಕೈಯಿಂದ ತಿರುಗಿಸುತ್ತೇನೆ. ಸಾಮಾನು ಎತ್ತಿಡುವಾಗ ಮಾತ್ರ.

ಬ್ರಹ್ಮಾವರ ನಿವೃತ್ತ ಹೆಡ್‌ಮಾಸ್ಟರ್:
ಹೊತ್ತು ಅಳೆಯುವುದು ನಮ್ಮ ಕಡೆಗೆ ಹೊಸದಲ್ಲ. ಹಿಂದೆ ಮದುವೆ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗಲು ಒಂದು ಗಳಿಗೆ, ಅಂದರೆ 24 ನಿಮಿಷ. ನಾನು ಏಳನೇ ಕ್ಲಾಸಿನಲ್ಲಿ ಇದನ್ನು ತೆಂಗಿನ ಗೆರಟೆಯಲ್ಲಿ ಮಾಡಿಸುತ್ತಿದ್ದೆ. ಶಬ್ದವಿಲ್ಲ, ಅಂಕಿಯಿಲ್ಲ. ಮುಳುಗುವ ಹೊತ್ತಿಗೆ ಇಡೀ ಕ್ಲಾಸು ತಾನಾಗಿ ಮೌನವಾಗುತ್ತಿತ್ತು.

ಆದರೆ ನನಗೆ ಹೇಳಲೇಬೇಕಾದದ್ದು ಬೇರೆ. ನಾವೆಲ್ಲ ಮಕ್ಕಳ ಹೊತ್ತು ಅಳೆಯುತ್ತಿದ್ದೇವೆ, ನಮ್ಮದನ್ನು ಅಳೆದಿದ್ದೇವಾ? ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಮಾತನ್ನು ರೆಕಾರ್ಡ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದುದು ಸುಮಾರು 1 ಸೆಕೆಂಡ್ ಮಾತ್ರ. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಮಾತಾಡಿದರು. ಇದನ್ನು ಓದಿದ ದಿನ ನನ್ನ ಕೈಗಡಿಯಾರ ನೋಡಿಕೊಂಡೇ ಪಾಠ ಮಾಡಿದೆ. ಮೂರು ಸೆಕೆಂಡ್ ಬಾಯಿಮುಚ್ಚಿ ನಿಲ್ಲುವುದು ಎಷ್ಟು ಕಷ್ಟ ಅಂತ ಆವತ್ತೇ ಗೊತ್ತಾದದ್ದು. ಮನೆಯಲ್ಲಿ ತುಳು ಮಾತಾಡುವ ಮಗು ಉತ್ತರವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಬೇಕು. ಅದಕ್ಕೆ ಆ ಮೂರು ಸೆಕೆಂಡೂ ಸಾಲದು. ಟೈಮರ್ ಇರಲಿ. ನಮ್ಮ ಅವಸರಕ್ಕೆ ಮೊದಲು ಇಡೋಣ.

ಮಲ್ಪೆ ಟೀಚರ್:
ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಶಬ್ದ ತೆಗೆದೆ. ಗುಂಪು ಮಾಡಲು, ಎತ್ತಿಡಲು, ಗುಂಪಿನಲ್ಲಿ ಒಬ್ಬೊಬ್ಬರು ಮಾತಾಡುವ ಸರದಿಗೆ ಟೈಮರ್ ಉಳಿಸಿದೆ. ಸರದಿಗೆ ಬೇಕೇ ಬೇಕು, ಇಲ್ಲದಿದ್ದರೆ ಜೋರು ಬಾಯಿಯ ನಾಲ್ಕು ಜನರೇ ಎಲ್ಲ ಹೊತ್ತು ತಿನ್ನುತ್ತಾರೆ. ಬರೆಯುವಾಗ ಮಾತ್ರ ಟಿವಿ ಆಫ್. ಎಂಟು ನಿಮಿಷವಾದ ಮೇಲೆ "ಯಾರಿಗೆ ಇನ್ನೂ ಬೇಕು?" ಎಂದು ಕೇಳಿದೆ. 14 ಕೈ ಎದ್ದವು. ಆ 14 ಜನರನ್ನು ನಾನು ಇಷ್ಟು ದಿನ ನೋಡಿಯೇ ಇರಲಿಲ್ಲ, ಅದೇ ಸಂಕಟ. ಮುಗಿಸಿದವರು ಗಲಾಟೆ ಶುರು ಮಾಡಿದರು, ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ಕಾಪು ಗಣಿತ ಮೇಷ್ಟ್ರು:
ಮುಗಿಸಿದವರು ಪಕ್ಕದವರಿಗೆ ಒಂದು ಪ್ರಶ್ನೆ ತಯಾರು ಮಾಡಲಿ. ನಮ್ಮಲ್ಲಿ ಇದು ನಡೆಯುತ್ತದೆ. ಹತ್ತನೆಯವರಿಗೆ ಟೈಮರ್ ಬಿಡಲು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಇನ್ನು ಮೇಲೆ ಮೊದಲು ಟೈಮ್ ಇಲ್ಲದೆ ಲೆಕ್ಕ ಮಾಡಿಸಿ, ಕೈ ಕೂತ ಮೇಲೆ ಟೈಮರ್ ಹಾಕುತ್ತೇನೆ.

ಸುರತ್ಕಲ್ ಅಮ್ಮ:
ಟೀಚರ್, ಆ 14 ಮಕ್ಕಳ ಅಮ್ಮಂದಿರ ಪರವಾಗಿ ನಿಮಗೆ ಥ್ಯಾಂಕ್ಸ್.

ಮಲ್ಪೆ ಟೀಚರ್:
ನಿನ್ನೆ ಕರೆಂಟ್ ಹೋಗಿ ಟಿವಿಯೇ ಇರಲಿಲ್ಲ. ಸೋಮವಾರ ಗೆರಟೆ ತರಲು ಮಕ್ಕಳಿಗೆ ಹೇಳಿದ್ದೇನೆ. 5 ನಿಮಿಷಕ್ಕೆ ತೂತು ಎಷ್ಟು ದೊಡ್ಡದಿರಬೇಕು ಸರ್?

ಬ್ರಹ್ಮಾವರ ನಿವೃತ್ತ ಹೆಡ್‌ಮಾಸ್ಟರ್:
ಕಣ್ಣಿಲ್ಲದ ಅರ್ಧ ತೆಗೆದುಕೊಳ್ಳಿ. ನಾರು ಚೆನ್ನಾಗಿ ಕೆರೆದು, ಸರಿಯಾಗಿ ತಳದ ನಡುವೆ ತೀರಾ ಸಣ್ಣ ಮೊಳೆಯಲ್ಲಿ ಚುಚ್ಚಿಸಿ. ನಿಧಾನವಾದರೆ ತೂತು ದೊಡ್ಡದು ಮಾಡಬಹುದು, ಬೇಗ ಮುಳುಗಿದರೆ ಮೇಣ ಹಚ್ಚಿ ಮತ್ತೆ ಚುಚ್ಚಬೇಕು. ಅಳತೆ ನೀವು ಹೇಳಬೇಡಿ. ಮಕ್ಕಳೇ ಕಂಡುಹಿಡಿಯಲಿ, ಅದಕ್ಕೆ ಎರಡು ಪಿರಿಯಡ್ ಹೋದರೂ ಹೋಗಲಿ.