ಚಿನ್ನ ಸಿಕ್ಕರೂ ಖುಲಾಸೆ: ‘ನಮ್ಮ ಬಳಗ, ದಾವಣಗೆರೆ–ದುರ್ಗ’ ಗುಂಪಿನಲ್ಲಿ

ಕುಮಾರ: ↪ ‘ಸುಲಿಗೆ ಪ್ರಕರಣ: ಸಾಕ್ಷ್ಯ ಸಾಲದೆ ಮೂವರು ಆರೋಪಿಗಳ ಖುಲಾಸೆ’

ಕುಮಾರ: ಬೈಪಾಸಲ್ಲಿ ಬೈಕ್ ಅಡ್ಡ ಹಾಕಿ, ಮಚ್ಚು ತೋರಿಸಿ ಒಬ್ಬ ಹೆಣ್ಮಗಳ ಸರ ಕಿತ್ಕಂಡೋರು. ಚಿನ್ನಾನೂ ಸಿಕ್ಕೈತೆ. ಇನ್ನೆಂಥ ಸಾಕ್ಷಿ ಬೇಕಂತೆ?

ದುರ್ಗದ ಮಾವ: ಹೆದ್ದಾರಿ, ಅದೂ ರಾತ್ರಿ. ಸುಲಿಗೆಗೆ ಐಪಿಸಿ 392ರಲ್ಲಿ 14 ವರ್ಷದವರೆಗೂ ಕೊಡಬಹುದಿತ್ತು. ಮಚ್ಚಿಗೆ 397 ಹತ್ತಿದ್ರೆ 7 ವರ್ಷಕ್ಕೆ ಕಮ್ಮಿ ಇಲ್ಲ. ಎಲ್ಲಾ ನೀರುಪಾಲು.

ಶೈಲಕ್ಕ: ತೀರ್ಪು ಇ-ಕೋರ್ಟ್ಸ್‌ನಲ್ಲಿ ಐತೆ, ಓದ್ರಿ ಮೊದ್ಲು. ಫಿರ್ಯಾದಿನಲ್ಲಿರೋದು 40 ಗ್ರಾಂ ಎರಡೆಳೆ ಸರ. ಜಪ್ತಿ ಆಗಿದ್ದು ಕರಗಿಸಿದ 31 ಗ್ರಾಂ ಗಟ್ಟಿ. ಗಟ್ಟಿ ನೋಡಿ ‘ನಂದೇ’ ಅಂತ ಆಯಮ್ಮ ಹೆಂಗೆ ಹೇಳ್ಬೇಕು? ಸರದ ಬಿಲ್ಲಿಲ್ಲ. ಕರಗಿಸಿದ ಅಂಗಡಿಯವನ ಖರೀದಿ ಪುಸ್ತಕ ಜಪ್ತಿ ಮಾಡಿಲ್ಲ, ಅವನನ್ನ ಸಾಕ್ಷಿ ಹೇಳೋಕೂ ಕರೆಸಿಲ್ಲ.

ದುರ್ಗದ ಮಾವ: ಕಳುವಾದ ಸ್ವಲ್ಪ ದಿನದಲ್ಲೇ ಮಾಲು ಸಿಕ್ರೆ ಇವನೇ ಕಳ್ಳ ಅಂತ ಊಹಿಸೋಕೆ ಸಾಕ್ಷ್ಯ ಕಾಯ್ದೆ 114 ಐತಲ್ಲಮ್ಮ. ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕಿದ್ದ ಮಹಜರ್ ಪಂಚರು ಉಲ್ಟಾ ಹೊಡೆದ್ರು, ತನಿಖಾಧಿಕಾರಿ ಏನು ಮಾಡ್ಯಾನು?

ಶೈಲಕ್ಕ: ಕಳುವಾದ ಮಾಲು ಇದೇ ಅಂತ ಮೊದ್ಲು ಸಾಬೀತಾಗ್ಬೇಕು ಮಾವ, 114 ಆಮೇಲೆ. ಇನ್ನು ಪಂಚರು. ಅವರು ತಿರುಗಿಬಿದ್ರೂ ತನಿಖಾಧಿಕಾರಿ ಮಾತು ನಂಬೋ ಹಂಗಿದ್ರೆ ಶಿಕ್ಷೆಗೆ ಅಡ್ಡಿಯಿಲ್ಲ. ಈ ಸಾಹೇಬ್ರು ‘ಆರೋಪಿ ಸ್ವಇಚ್ಛಾ ಹೇಳಿಕೆ ಕೊಟ್ಟ, ಅದೇ ನಿ.ಪಿ. 7’ (ಪ್ರಾಸಿಕ್ಯೂಷನ್ನಿನ 7ನೇ ದಾಖಲೆ) ಅಂದು ಸಾಕ್ಷಿ ಕಟ್ಟೆ ಇಳಿದವ್ರೆ. ಎಲ್ಲಿ ಬಚ್ಚಿಟ್ಟೀನಿ, ಯಾರಿಗೆ ಮಾರೀನಿ ಅಂತ ಆರೋಪಿ ಏನಂದ ಅನ್ನೋದನ್ನ ಅಧಿಕಾರಿ ಬಾಯಲ್ಲೇ ಹೇಳ್ಬೇಕು. ಇಲ್ಲಾಂದ್ರೆ ಸಾಕ್ಷ್ಯ ಕಾಯ್ದೆ 27ನೇ ಕಲಂ, ಅಂದ್ರೆ ಆರೋಪಿ ಹೇಳಿದ್ರಿಂದಲೇ ಮಾಲು ಸಿಕ್ತು ಅನ್ನೋದು, ನಿಲ್ಲಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ್ದೇ ಒಂದು ಕೊಲೆ ಕೇಸಲ್ಲಿ ಇದನ್ನೇ ಹೇಳೈತೆ.

ದುರ್ಗದ ಮಾವ: ಸಾಕ್ಷಿ ಹೇಳೋಷ್ಟೊತ್ತಿಗೆ ಮೂರು ವರ್ಗಾವಣೆ ಆಗಿರ್ತಾವೆ. ಫೈಲು ಕೈಗೆ ಸಿಗೋದು ಅವತ್ತು ಬೆಳಗ್ಗೆ. ಪಿಪಿ (ಸರ್ಕಾರಿ ವಕೀಲ) ಕೇಳಿ ಹೇಳಿಸ್ಬೇಕಿತ್ತು.

ಶೈಲಕ್ಕ: ಅದು ಹೌದು, ಮುಖ್ಯ ವಿಚಾರಣೆ ಹೊಣೆ ಪಿಪಿದೇ.

ಕುಮಾರ: ಚಿನ್ನ ಬಿಡ್ರಿ. ಆಯಮ್ಮ ಕೋರ್ಟಲ್ಲಿ ಮೂವರನ್ನೂ ಗುರುತಿಸ್ಯಾಳಲ್ಲ?

ಶೈಲಕ್ಕ: ರಾತ್ರಿ ಒಂಬತ್ತೂವರೆ, ಬೀದಿದೀಪ ಇಲ್ಲ, ಇಬ್ಬರಿಗೆ ಹೆಲ್ಮೆಟ್. ಎಫ್‌ಐಆರ್‌ನಲ್ಲಿ ‘ಮೂವರು ಅಪರಿಚಿತರು’ ಅಷ್ಟೇ. ಎತ್ತರ, ಮೈಕಟ್ಟು, ಬಟ್ಟೆ, ಒಂದೂ ಬರೆಸಿಲ್ಲ. ವರ್ಷಗಟ್ಟಲೆ ಆದ್ಮೇಲೆ ಕೋರ್ಟಲ್ಲಿ ಕೈ ತೋರಿಸಿದ್ರೆ ಅದಕ್ಕೆ ಬಲ ಬರೋದು ಗುರುತು ಪತ್ತೆ ಪರೇಡಿಂದ.

ದುರ್ಗದ ಮಾವ: ಪರೇಡ್ ಆಗೈತಲ್ಲ. ತಹಶೀಲ್ದಾರ್ ವರದಿನೇ ಐತೆ, ನಿ.ಪಿ. 11.

ಶೈಲಕ್ಕ: ಯಾವಾಗ ಆಯ್ತು? ಮೂವರನ್ನೂ ಚಿನ್ನದ ಹಿಂದೆ ನಿಲ್ಲಿಸಿ ಪ್ರೆಸ್‌ಮೀಟ್ ಮಾಡಿ, ಪೇಪರಲ್ಲಿ ಫೋಟೊ ಬಂದಮೇಲೆ! ಹಿಡಿದ ಗಳಿಗೆಯಿಂದ ಮುಖಕ್ಕೆ ಮುಸುಕು ಇರಬೇಕು, ಅದೇ ವಯಸ್ಸು, ಅದೇ ಮೈಕಟ್ಟಿನವರ ಜತೆ ಜೈಲಲ್ಲಿ ಸಾಲಿಗೆ ನಿಲ್ಲಿಸ್ಬೇಕು. ಪಾಟಿಸವಾಲಲ್ಲಿ ಆಯಮ್ಮ ‘ಸ್ಟೇಷನ್ನಲ್ಲೇ ತೋರಿಸಿದ್ರು’ ಅಂದ್ಬಿಟ್ಳು. ನಿ.ಪಿ. 11 ಅಲ್ಲಿಗೆ ರದ್ದಿ.

ದುರ್ಗದ ಮಾವ: ಪ್ರೆಸ್‌ಮೀಟ್ ಚಟ ಬಿಡ್ಬೇಕು, ಅದು ಖರೆ. ಆದ್ರೆ ಇದು ಹಳೇ ಕೇಸು. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಬಿಎನ್‌ಎಸ್‌ಎಸ್, ಅದರಲ್ಲಿ ಕಲಂ 105 ಬಂದೈತೆ, ಜಪ್ತಿ ಮಾಡೋದನ್ನ ವಿಡಿಯೊ ಮಾಡ್ಲೇಬೇಕು. ಪಂಚರ ಆಟ ಇನ್ನು ನಡಿಯಲ್ಲ.

ಶೈಲಕ್ಕ: ಮೊಬೈಲಲ್ಲಿ ತೆಗೆದು ಪೆನ್‌ಡ್ರೈವಿಗೆ ಹಾಕಿ, ಹೊಸ ಸಾಕ್ಷ್ಯ ಕಾಯ್ದೆ ಬಿಎಸ್‌ಎ 63ರ ಪ್ರಮಾಣಪತ್ರ ಮರೆತ್ರೆ ಅದೂ ಬಿದ್ದೋಗುತ್ತೆ. ಅದರಲ್ಲಿ ಹ್ಯಾಶ್ ಮೌಲ್ಯಾನೂ (ಫೈಲು ತಿದ್ದಿಲ್ಲ ಅಂತ ತೋರಿಸೋ ಸಂಕೇತ) ಬರೀಬೇಕು. ಈ ಕೇಸಲ್ಲೂ ಪೆಟ್ರೋಲ್ ಬಂಕಿನ ಸಿಸಿಟಿವಿ ಹಿಂಗೇ ಹೋಯ್ತು. ಮೂಲ ದೃಶ್ಯ ಇರೋ ಡಿವಿಆರ್ ಪೆಟ್ಟಿಗೆ ತಂದಿಲ್ಲ, ನಕಲಿಗೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಇಲ್ಲ.

ಚಿಕ್ಕಮ್ಮ: ನಿಮ್ಮ ಕಲಂಗಳು ಹಂಗಿರ್ಲಿ. ಆಯಮ್ಮನ ಚಿನ್ನದ ಗತಿ ಏನವ್ವ?

ಶೈಲಕ್ಕ: ಎರಡು ದಾರಿ ಅದಾವೆ ಚಿಕ್ಕಮ್ಮ. ಖುಲಾಸೆ ವಿರುದ್ಧ ಆಯಮ್ಮನೇ ಬೆಂಗಳೂರು ಹೈಕೋರ್ಟಿಗೆ ಅಪೀಲು ಹೋಗಬಹುದು, ಸರ್ಕಾರಕ್ಕೆ ಕಾಯಬೇಕಿಲ್ಲ. ನೊಂದವರಿಗೆ ಅಪೀಲಿಗೆ ಮುಂಚೆ ಅನುಮತಿ ಬೇಕಿಲ್ಲ ಅಂತ 2018ರಲ್ಲೇ ತೀರ್ಮಾನ ಆಗೈತೆ. ಎರಡನೇದು, ಚಿನ್ನ ಕೊಡಿ ಅಂತ ಅರ್ಜಿ. ಗಟ್ಟಿ ಕೋರ್ಟಲ್ಲೇ ಐತೆ. ಆರೋಪಿಗಳು 313 ಹೇಳಿಕೆಯಲ್ಲಿ (ಸಾಕ್ಷ್ಯದ ಬಗ್ಗೆ ಕೋರ್ಟೇ ಆರೋಪಿಗಳನ್ನ ಕೇಳಿ ಬರ್ಕೊಳ್ಳೋದು) ‘ನಮ್ಮದಲ್ಲ’ ಅಂದವ್ರೆ, ಹಂಗಾಗಿ ಅವರು ಕೇಳೋ ಹಂಗಿಲ್ಲ. ಅಂಗಡಿಯವನು ‘ನಾನು ದುಡ್ಡು ಕೊಟ್ಟು ಕೊಂಡಿದ್ದು’ ಅಂತ ಬರಬಹುದು. ಅವನಿಗಿಂತ ಮುಂಚೆ ಆಯಮ್ಮ ಅರ್ಜಿ ಹಾಕ್ಲಿ. ಸರ ಹಾಕ್ಕೊಂಡಿರೋ ಹಳೇ ಮದುವೆ ಫೋಟೊ ಇದ್ರೆ ಅದನ್ನೂ ಜತೆಗಿಡ್ಲಿ.